ವಿಶ್ವವಿದ್ಯಾಲಯದೊಳಗಿನ ದೇವಾಲಯ: ಲೈಪ್ಸಿಗ್‌ನ ಪೌಲಿನರ್ ಚರ್ಚು

ಜರ್ಮನಿಯ ಲೈಪ್ಸಿಗ್ ನಗರದ ಪೌಲಿನರ್ ಚರ್ಚನ್ನು 1968ರಲ್ಲಿ ಸಿಡಿಮದ್ದಿಟ್ಟು ಕೆಡವಿದ್ದನ್ನು ಕಮ್ಯುನಿಸ್ಟ್ ಸರ್ಕಾರಕ್ಕೂ ಧರ್ಮಕ್ಕೂ ನಡೆದ ಜಗಳವೆಂದೇ ಸಾಮಾನ್ಯವಾಗಿ ಬರೆಯುತ್ತಾರೆ. ಅದು ಅರ್ಧ ಮಾತು. ಆ ಹೊತ್ತಿಗೆ ಚರ್ಚು ವಿಶ್ವವಿದ್ಯಾಲಯದ ಕೈಗೆ ಬಂದು 425 ವರ್ಷಗಳಾಗಿದ್ದವು.

1240ರಲ್ಲಿ ಪ್ರತಿಷ್ಠೆಗೊಂಡ ಈ ಚರ್ಚು ಡೊಮಿನಿಕನ್ ಸನ್ಯಾಸಿಗಳ ಮಠದ್ದು. ವಿಶ್ವವಿದ್ಯಾಲಯ ಹುಟ್ಟಿದ್ದು 1409ರಲ್ಲಿ, ಪ್ರಾಗ್ ತೊರೆದು ಬಂದ ಜರ್ಮನ್ ವಿದ್ವಾಂಸರಿಂದ. 1539ರ ಮತಸುಧಾರಣೆಯಲ್ಲಿ ಮಠ ಮುಚ್ಚಿತು. 1543ರಲ್ಲಿ ಡ್ಯೂಕ್ ಮೋರಿಟ್ಸ್ ಅದನ್ನು ಇಡಿಯಾಗಿ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟ. ಕುಲಪತಿ ಕಾಸ್ಪರ್ ಬೋರ್ನರ್ ಅಲ್ಲೇ ಗ್ರಂಥಾಲಯ ಕಟ್ಟಿದ. 1545ರಲ್ಲಿ ಮಾರ್ಟಿನ್ ಲೂಥರನೇ ಬಂದು ಮಠದ ಚರ್ಚನ್ನು ಪ್ರಾಟೆಸ್ಟಂಟ್ ಚರ್ಚಾಗಿ ಪ್ರತಿಷ್ಠಾಪಿಸಿದ. ಅಲ್ಲಿಂದಾಚೆಗೆ ಅದು ಆರಾಧನೆಯ ಜಾಗವೂ ಹೌದು, ವಿದ್ವತ್ಸಭೆಯ ಜಾಗವೂ ಹೌದು, ಪ್ರಾಧ್ಯಾಪಕರ ಸಮಾಧಿಸ್ಥಳವೂ ಹೌದು. ಇಲ್ಲಿನ ಸಂಗೀತಸೇವೆಯ ಹಕ್ಕು, ಸಂಬಳಗಳಿಗಾಗಿ ಬಾಖ್ 1725ರಲ್ಲಿ ಅರಸನಿಗೆ ಮೂರು ಅರ್ಜಿ ಬರೆದಿದ್ದ.

ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಂಪಸ್ ಬೆಳೆಯಿತು. 1836ಕ್ಕೆ ಪಕ್ಕದಲ್ಲೇ ಆಗಸ್ಟೇಯಮ್ ಎಂಬ ಮುಖ್ಯ ಭವನ ಎದ್ದಿತು. ಶತಮಾನದ ಕೊನೆಯಲ್ಲಿ ವಾಸ್ತುಶಿಲ್ಪಿ ಆರ್ವೆಡ್ ರೋಸ್‌ಬಾಖ್ ಆ ಭವನವನ್ನು ವಿಸ್ತರಿಸಿ, ಚರ್ಚಿಗೂ ಹೊಸ ಗಾಥಿಕ್ ಮುಖ ತೊಡಿಸಿದ. ಚರ್ಚು ಕ್ಯಾಂಪಸ್ಸಿನ ಒಂದು ಅಂಗವಾದದ್ದು ನಿಜವಾಗಿ ಆಗಲೇ ಎಂಬುದು ನನ್ನ ಅಭಿಪ್ರಾಯ.

1943ರ ಡಿಸೆಂಬರ್ ಬಾಂಬ್ ದಾಳಿಯಲ್ಲಿ ಆಗಸ್ಟೇಯಮ್ ಸುಟ್ಟಿತು, ಚರ್ಚು ಉಳಿಯಿತು. ಹಾಗಾಗಿ ಪಾಳುಬಿದ್ದದ್ದನ್ನು ಕೆಡವಿದರೆಂಬ ಸಮರ್ಥನೆಗೆ ಆಧಾರವಿಲ್ಲ. ಕಾರ್ಲ್ ಮಾರ್ಕ್ಸ್ ಹೆಸರು ಹೊತ್ತ ವಿಶ್ವವಿದ್ಯಾಲಯಕ್ಕೆ ಹೊಸ ಕ್ಯಾಂಪಸ್ ಬೇಕಿತ್ತು; ದೈವಶಾಸ್ತ್ರ ವಿಭಾಗ ವಿರೋಧಿಸಿದರೂ ವಿಶ್ವವಿದ್ಯಾಲಯದ ಆಡಳಿತ ಒಪ್ಪಿಬಿಟ್ಟಿತು. 1968ರ ಮೇ 23ರಂದು ನಗರಸಭೆ ನಿರ್ಣಯಿಸಿತು, 30ರಂದು ಚರ್ಚು ನೆಲಸಮವಾಯಿತು. ನಡುವಿನ ಒಂದೇ ವಾರದಲ್ಲಿ ಬಲಿಪೀಠವನ್ನೂ ಸ್ಮಾರಕಫಲಕಗಳನ್ನೂ ಗೋಡೆಯಿಂದ ಕಿತ್ತು ಸಾಗಿಸಬೇಕಾಯಿತು.

ಜೂನ್ 20ರಂದು ಬಾಖ್ ಸ್ಪರ್ಧೆಯ ಸಮಾರೋಪ ನಡೆದಿದ್ದಾಗ ವೇದಿಕೆಯ ಮೇಲಿಂದ ಬ್ಯಾನರೊಂದು ತಾನಾಗಿ ಬಿಚ್ಚಿಕೊಂಡಿತು: ಚರ್ಚಿನ ರೇಖಾಚಿತ್ರ, ಕೆಳಗೆ ಮರಳಿ ಕಟ್ಟಬೇಕೆಂಬ ಬೇಡಿಕೆ. ಅಲಾರಾಂ ಗಡಿಯಾರದಿಂದ ಮಾಡಿದ ಸಾಧನ ಅದನ್ನು ಬಿಚ್ಚಿತ್ತು. ಇದರ ಹಿಂದಿದ್ದ ಯುವಕರಲ್ಲಿ ಹರಾಲ್ಡ್ ಫ್ರಿಟ್ಶ್ ಒಬ್ಬ. ಬಲ್ಗೇರಿಯಾದಿಂದ ಮಡಚುದೋಣಿಯಲ್ಲಿ ಕಪ್ಪು ಸಮುದ್ರದ ಮೂಲಕ ಟರ್ಕಿಗೆ ಪಾರಾಗಿ, ಮುಂದೆ ಗೆಲ್-ಮಾನ್ ಜೊತೆ ಕ್ವಾರ್ಕ್ ಸಿದ್ಧಾಂತಕ್ಕೆ ದುಡಿದ ಭೌತವಿಜ್ಞಾನಿ ಈತನೇ.

ಚರ್ಚಿದ್ದ ಜಾಗದಲ್ಲಿ ಎದ್ದ ಮುಖ್ಯ ಕಟ್ಟಡದ ಮೇಲೆ 33 ಟನ್ ತೂಕದ ಮಾರ್ಕ್ಸ್ ಕಂಚುಶಿಲ್ಪ ಬಂತು. ಜರ್ಮನಿ ಒಂದಾದ ಮೇಲೆ ಚರ್ಚನ್ನು ಯಥಾವತ್ತಾಗಿ ಮರಳಿ ಕಟ್ಟಬೇಕೆಂಬ ಕೂಗೆದ್ದಾಗ ಒಪ್ಪದೆ, 2003ರಲ್ಲಿ ಕುಲಪತಿಯೇ ರಾಜೀನಾಮೆ ಕೊಟ್ಟರು. ಕೊನೆಗೆ ಡಚ್ ವಾಸ್ತುಶಿಲ್ಪಿ ಎರಿಕ್ ಫಾನ್ ಎಖೆರಾಟ್ ವಿನ್ಯಾಸದ ಪೌಲಿನಮ್ ಎಂಬ ಹೊಸ ಭವನ 2017ರ ಡಿಸೆಂಬರಿನಲ್ಲಿ ತೆರೆಯಿತು. ಸಭಾಂಗಣ ಒಂದೆಡೆ, ಹಳೆಯ ಬಲಿಪೀಠ ಇನ್ನೊಂದೆಡೆ, ನಡುವೆ ಪಾರದರ್ಶಕ ಗೋಡೆ. ಈ ರಾಜಿಯನ್ನು ಎರಡೂ ಕಡೆಯವರು ಟೀಕಿಸಿದ್ದಾರೆ. ಆದರೆ ಹಳೆಯದರ ಪಡಿಯಚ್ಚು ಎಬ್ಬಿಸಿ 1968 ನಡೆದೇ ಇಲ್ಲವೆಂಬಂತೆ ನಟಿಸುವುದಕ್ಕಿಂತ ಇದೇ ಪ್ರಾಮಾಣಿಕವಾದದ್ದು.