ಅಲೆಪ್ಪೊ ನಗರದ ಅತಿಥಿಶಾಲೆ

ಅತಿಥಿಯ ಆದರವೇ ಗೃಹಕ್ಕೆ ಭೂಷಣವೆಂಬುದು ಸರ್ವದೇಶಗಳಿಗೂ ಸಮ್ಮತವಾದ ಮಾತು. ಸಿರಿಯಾ ದೇಶದ ಅಲೆಪ್ಪೊ ಪಟ್ಟಣದಲ್ಲಿ ಈಸಾ ಬಿನ್ ಬುತ್ರುಸನೆಂಬ ಕ್ರೈಸ್ತ ವರ್ತಕನು ಕ್ರಿ. ಶ. 1600ರಿಂದ 1603ರ ಅವಧಿಯಲ್ಲಿ ತನ್ನ ಅತಿಥಿಶಾಲೆಯ ಗೋಡೆಗಳಿಗೆ ಚಿತ್ರಿತವಾದ ಮರದ ಹಲಗೆಗಳನ್ನು ಹೊದಿಸಿದನು. ಅವುಗಳ ಮೇಲೆ ಮೇರಿಮಾತೆಯೂ ಶಿಶು ಏಸುವೂ, ಲೈಲಾ-ಮಜ್ನೂನರೂ ಒಂದೇ ಸೂರಿನ ಕೆಳಗೆ ನೆಲಸಿದರು. ಕ್ರೈಸ್ತರ ಕೀರ್ತನೆಗಳೂ ಅರಬ್ಬೀ ನಾಣ್ಣುಡಿಗಳೂ ಪಾರಸೀ ಪದ್ಯಗಳೂ ಲಿಖಿತವಾದವು. ಹಲವು ಮತಗಳವರು ಕೂಡಿ ಬಾಳಿದ ಆ ನಗರದ ಪ್ರತಿಬಿಂಬವೇ ಆ ಶಾಲೆಯಲ್ಲಿ ಮೂಡಿದ್ದಿತು.

1912ರಲ್ಲಿ ಆ ಮನೆಯ ಒಡೆಯರು ಹಲಗೆಗಳನ್ನು ಮಾರಿದರು. ಅವು ಕಳಚಲ್ಪಟ್ಟು ಜರ್ಮನಿಯ ಬರ್ಲಿನ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿದವು. ಅತಿಥಿಗಳಿಗಾಗಿ ರಚಿತವಾದುದು ಪ್ರೇಕ್ಷಕರ ಪಾಲಾಯಿತು. ಊರಿಗೆ ಇದು ನಷ್ಟವೇ ಸರಿ. ಆದರೆ 2012ರಲ್ಲಿ ಅಲೆಪ್ಪೊವನ್ನು ಹೊಕ್ಕ ಯುದ್ಧವು ಆ ಮನೆಯಿದ್ದ ಜುದೈದಾ ಕೇರಿಯನ್ನು ಬಹುವಾಗಿ ಹಾಳುಗೆಡವಿತು. ದೂರ ಸಾಗಿದ ಹಲಗೆಗಳು ಮಾತ್ರ ಉಳಿದವು.

2015ರಲ್ಲಿ ಆ ಸಂಗ್ರಹಾಲಯವು ಸಿರಿಯಾದಿಂದ ಆಶ್ರಯವನ್ನರಸಿ ಬಂದವರಿಗೆ ಶಿಕ್ಷಣವಿತ್ತು, ಅವರನ್ನೇ ಮಾರ್ಗದರ್ಶಕರನ್ನಾಗಿ ಮಾಡಿತು. ಪರನಾಡಿನಲ್ಲಿ ಅತಿಥಿಗಳಾದವರೇ ತಮ್ಮ ನಾಡಿನ ಸಂಪತ್ತಿನ ನಡುವೆ ನಿಂತು ಬಂದವರನ್ನು ಎದುರುಗೊಂಡರು. ಹಲಗೆಗಳನ್ನು ಕಳಚಿ ಒಯ್ಯಬಹುದು. ಆತಿಥ್ಯವು ಅದನ್ನು ನಡೆಸುವ ಜನರೊಡನೆಯೇ ಸಾಗುವುದೆಂಬುದಕ್ಕೆ ಇದೇ ನಿದರ್ಶನವು.