ಹಾಲಿನ ಗಾಡಿಯ ಪಾಠ: ಸ್ಮಿತ್ ಎಲೆಕ್ಟ್ರಿಕ್ ಕಂಪನಿಯ ಏಳುಬೀಳು

ವಿದ್ಯುತ್ತಿನಿಂದ ಓಡುವ ವಾಹನವೆಂದರೆ ಇಪ್ಪತ್ತೊಂದನೆಯ ಶತಮಾನದ ಹೊಸ ಆವಿಷ್ಕಾರವೆಂದು ನೀವು ಭಾವಿಸಿರಬಹುದು. ಆದರೆ ನಿಮ್ಮ ಅಜ್ಜ ಅಜ್ಜಿಯರು ಚಿಕ್ಕವರಾಗಿದ್ದ ಕಾಲದಲ್ಲಿಯೇ ಇಂಗ್ಲೆಂಡಿನ ಬೀದಿಗಳಲ್ಲಿ ಅಂಥ ಸಾವಿರಾರು ಗಾಡಿಗಳು ಓಡಾಡುತ್ತಿದ್ದವು. ನಸುಕಿನಲ್ಲಿ ಗಾಜಿನ ಬಾಟಲಿಗಳ ಕಿಣಿಕಿಣಿ ಕೇಳಿಸಿದರೆ ಹಾಲು ಬಂತೆಂದು ಮನೆಯವರಿಗೆ ಗೊತ್ತಾಗುತ್ತಿತ್ತು. ಗಾಡಿಯ ಸದ್ದು ಮಾತ್ರ ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಏಕೆಂದರೆ ಅದಕ್ಕೆ ಎಂಜಿನ್ನೇ ಇರಲಿಲ್ಲ. ಅದು ಬ್ಯಾಟರಿಯಿಂದ ಓಡುತ್ತಿತ್ತು.

ಇಂಥ ಗಾಡಿಗಳನ್ನು ತಯಾರಿಸುತ್ತಿದ್ದ ಕಂಪನಿಗಳಲ್ಲಿ ಒಂದು ಸ್ಮಿತ್ ಎಲೆಕ್ಟ್ರಿಕ್. ಈಶಾನ್ಯ ಇಂಗ್ಲೆಂಡಿನ ನ್ಯೂಕ್ಯಾಸಲ್ ಪ್ರದೇಶದ ಈ ಸಂಸ್ಥೆ ತನ್ನ ಹುಟ್ಟನ್ನು 1920ಕ್ಕೆ ಗುರುತಿಸಿಕೊಳ್ಳುತ್ತಿತ್ತು. 2017ರಲ್ಲಿ ಅದು ಬಾಗಿಲು ಹಾಕಿತು. ದಶಕಗಳ ಕಾಲ ವಿದ್ಯುತ್ ವಾಹನವನ್ನು ನಂಬಿದ್ದ ಕಂಪನಿ, ಜಗತ್ತೆಲ್ಲ ಅದೇ ವಾಹನದತ್ತ ಮುಖ ಮಾಡುತ್ತಿದ್ದ ಹೊತ್ತಿನಲ್ಲಿ ಮುಳುಗಿದ್ದೇಕೆ? ಉತ್ತರ ಹುಡುಕಲು ಇತಿಹಾಸದ ಜೊತೆಗೆ ಸ್ವಲ್ಪ ಭೌತಶಾಸ್ತ್ರವೂ ಸ್ವಲ್ಪ ಲೆಕ್ಕವೂ ಬೇಕು.

ಮೊದಲು ಭೌತಶಾಸ್ತ್ರ. ಒಂದು ಕಿಲೋ ಡೀಸೆಲ್‌ನಲ್ಲಿ ಸುಮಾರು 12 ಯೂನಿಟ್, ಅಂದರೆ 12 ಕಿಲೋವ್ಯಾಟ್-ಗಂಟೆಯಷ್ಟು ಶಕ್ತಿ ಅಡಗಿದೆ. ಹಳೆಯ ಕಾಲದ ಸೀಸ-ಆಮ್ಲ ಬ್ಯಾಟರಿಯಲ್ಲಾದರೋ ಒಂದೇ ಒಂದು ಯೂನಿಟ್ ಶಕ್ತಿಯನ್ನು ಕೂಡಿಡಲು ಸುಮಾರು 30 ಕಿಲೋ ತೂಕ ಹೊರಬೇಕು. ಎಂಜಿನ್ನು ಡೀಸೆಲ್ಲಿನ ಶಕ್ತಿಯಲ್ಲಿ ಮೂರನೆಯ ಒಂದು ಭಾಗವನ್ನಷ್ಟೇ ಕೆಲಸಕ್ಕೆ ಬಳಸುತ್ತದೆ ಎಂದಿಟ್ಟುಕೊಂಡರೂ ಅಂತರ ಅಗಾಧ. ಹೀಗಿರುವಾಗ ಬ್ಯಾಟರಿ ಗಾಡಿ ಗೆದ್ದದ್ದು ಹೇಗೆ?

ಹಾಲು ಹಂಚುವ ಕೆಲಸವನ್ನು ಗಮನಿಸಿ. ದಾರಿ ದಿನವೂ ಒಂದೇ, ದೂರವೂ ಕಡಿಮೆ. ವೇಗ ಬೇಕಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕು. ಎಂಜಿನ್ನು ನಿಂತಲ್ಲಿಯೂ ಇಂಧನ ಸುಡುತ್ತದೆ. ವಿದ್ಯುತ್ ಮೋಟಾರು ನಿಂತಾಗ ಏನನ್ನೂ ಬೇಡುವುದಿಲ್ಲ. ಕೆಲಸ ಬೆಳಿಗ್ಗೆಯೇ ಮುಗಿಯುವುದರಿಂದ ಉಳಿದ ಹೊತ್ತೆಲ್ಲ ಬ್ಯಾಟರಿಯನ್ನು ಚಾರ್ಜ್ ಮಾಡಲು ಸಿಗುತ್ತದೆ. ಮಲಗಿರುವ ಊರನ್ನು ಎಬ್ಬಿಸುವುದೂ ಇಲ್ಲ. ಬ್ಯಾಟರಿಯ ದೌರ್ಬಲ್ಯಗಳಾವುವೂ ಈ ಕೆಲಸಕ್ಕೆ ಅಡ್ಡಿಯಾಗಲಿಲ್ಲ. ಬ್ರಿಟನ್ನಿನ ರಸ್ತೆಗಳಲ್ಲಿರುವ ಬ್ಯಾಟರಿ ವಾಹನಗಳು ಉಳಿದ ಇಡೀ ಜಗತ್ತಿನಲ್ಲಿರುವುದಕ್ಕಿಂತ ಹೆಚ್ಚು ಎಂದು ಅಲ್ಲಿನ ವಿದ್ಯುತ್ ವಾಹನ ಸಂಘವು 1967ರಲ್ಲಿ ಹೆಮ್ಮೆಯಿಂದ ಹೇಳಿಕೊಂಡಿತ್ತು.

ಮುಂದೆ ಕೆಟ್ಟದ್ದು ಗಾಡಿಯಲ್ಲ, ಅದಕ್ಕಿದ್ದ ಕೆಲಸ. ಮನೆಗೆ ಫ್ರಿಜ್ ಬಂತು, ಊರಿಗೆ ಸೂಪರ್‌ಮಾರ್ಕೆಟ್ ಬಂತು. ವಾರಕ್ಕಾಗುವಷ್ಟು ಹಾಲನ್ನು ಒಮ್ಮೆಗೇ ಕೊಂಡು ತರುವ ರೂಢಿ ಬೆಳೆಯಿತು. ಬಾಗಿಲಿಗೆ ಹಾಲು ತರಿಸುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದ ಯಂತ್ರಕ್ಕೆ ಕೆಲಸವೇ ಇಲ್ಲವಾಯಿತು. ತಂತ್ರಜ್ಞಾನದ ಚರಿತ್ರೆಯಲ್ಲಿ ಹೀಗಾಗುವುದು ಅಪರೂಪವಲ್ಲ.

2004ರಲ್ಲಿ ಟ್ಯಾನ್‌ಫೀಲ್ಡ್ ಎಂಬ ಸಮೂಹ ಸ್ಮಿತ್ ಕಂಪನಿಯನ್ನು ಕೊಂಡಿತು. ಆ ವೇಳೆಗೆ ಹಗುರವಾದ ಲಿಥಿಯಂ ಬ್ಯಾಟರಿಗಳು ಬರತೊಡಗಿದ್ದವು. 2006ರಲ್ಲಿ ಕಂಪನಿಯು ‘ನ್ಯೂಟನ್’ ಎಂಬ ವಿದ್ಯುತ್ ಲಾರಿಯನ್ನು ಹೊರತಂದಿತು. ಅದರ ಚಾಸಿ ಜೆಕ್ ದೇಶದ ಆವಿಯಾ ಲಾರಿಯದು. ಅದೇ ವರ್ಷ ಆವಿಯಾದ ಲಾರಿ ವಿಭಾಗವನ್ನು ಕೊಂಡದ್ದು ನಮ್ಮ ಅಶೋಕ್ ಲೇಲ್ಯಾಂಡ್! ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗಬಲ್ಲ ನ್ಯೂಟನ್, ಹಾಲಿನ ಗಾಡಿಯ ಮೊಮ್ಮಗನಾದರೂ ಹೆದ್ದಾರಿಗೂ ಸಲ್ಲುವ ವಾಹನವಾಗಿತ್ತು.

ಟ್ಯಾನ್‌ಫೀಲ್ಡ್ ಷೇರಿನ ಬೆಲೆ ಗಗನಕ್ಕೇರಿತು. 2008ರಲ್ಲಿ ನೆಲಕ್ಕೆ ಬಿತ್ತು. ವಿಚಿತ್ರವೆಂದರೆ, ಅದಕ್ಕೆ ಮುಖ್ಯ ಕಾರಣ ವಿದ್ಯುತ್ ಲಾರಿಯಲ್ಲ. ಕಟ್ಟಡ ಕೆಲಸದವರನ್ನು ಎತ್ತರಕ್ಕೆ ಏರಿಸುವ ಯಂತ್ರಗಳ ವ್ಯಾಪಾರವೂ ಅದೇ ಸಮೂಹದ್ದಾಗಿತ್ತು. ಆರ್ಥಿಕ ಮುಗ್ಗಟ್ಟಿನಲ್ಲಿ ಆ ವ್ಯಾಪಾರ ಕುಸಿದಾಗ ಎಲ್ಲವೂ ಒಟ್ಟಿಗೆ ಅಲುಗಾಡಿತು.

ಆಗ ಆಸರೆಯಾಗಿ ಕಂಡದ್ದು ಅಮೆರಿಕ. ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯ ವಿಮಾನ ನಿಲ್ದಾಣದಲ್ಲಿದ್ದ ಹಳೆಯ ವಿಮಾನ ದುರಸ್ತಿ ಕೇಂದ್ರದಲ್ಲಿ ಕಾರ್ಖಾನೆ ಆರಂಭವಾಯಿತು. ಸುಮಾರು 500 ವಾಹನಗಳನ್ನು ರಸ್ತೆಗಿಳಿಸಿ ಅವುಗಳ ಓಡಾಟದ ಮಾಹಿತಿ ಸಂಗ್ರಹಿಸಲು ಅಮೆರಿಕದ ಇಂಧನ ಇಲಾಖೆ 3 ಕೋಟಿ 20 ಲಕ್ಷ ಡಾಲರ್ ನೆರವು ನೀಡಿತು. 2010ರ ಜುಲೈ 8ರಂದು ಅಧ್ಯಕ್ಷ ಬರಾಕ್ ಒಬಾಮ ಅವರೇ ಕಾರ್ಖಾನೆಗೆ ಭೇಟಿ ಕೊಟ್ಟರು. ಆಲೂಗಡ್ಡೆ ಚಿಪ್ಸ್ ಮಾರುವ ಫ್ರಿಟೊ-ಲೇ, ತಂಪು ಪಾನೀಯದ ಕೋಕಾ-ಕೋಲಾದಂಥ ದೊಡ್ಡ ಗಿರಾಕಿಗಳು ಬಂದರು. 2011ರಲ್ಲಿ ಅಮೆರಿಕದ ಶಾಖೆಯೇ ಇಂಗ್ಲೆಂಡಿನ ಮೂಲ ಸಂಸ್ಥೆಯನ್ನು ಕೊಂಡುಕೊಂಡಿತು. ಮಗ ತಂದೆಯನ್ನೇ ದತ್ತು ತೆಗೆದುಕೊಂಡಂತೆ!

ಇನ್ನು ಲೆಕ್ಕಕ್ಕೆ ಬರೋಣ. 2010ರ ಸುಮಾರಿಗೆ ಒಂದು ಯೂನಿಟ್ ಶಕ್ತಿ ಹಿಡಿಯುವ ಲಿಥಿಯಂ ಬ್ಯಾಟರಿಗೆ 1,000 ಡಾಲರ್‌ಗೂ ಹೆಚ್ಚು ಬೆಲೆಯಿತ್ತು. 80 ಯೂನಿಟ್‌ನ ಬ್ಯಾಟರಿ ಹೊತ್ತ ಲಾರಿಯೊಂದನ್ನು ತೆಗೆದುಕೊಳ್ಳಿ. ಬ್ಯಾಟರಿಗೇ 80,000 ಡಾಲರ್ ಆಯಿತು! ಇಷ್ಟು ಹಣವನ್ನು ಡೀಸೆಲ್ ಉಳಿತಾಯದಿಂದ ಮರಳಿ ಪಡೆಯಬೇಕಾದರೆ ಲಾರಿ ದಿನವೂ ತುಂಬಾ ದೂರ ಓಡಬೇಕು. ದೂರ ಓಡಬೇಕಾದರೆ ಇನ್ನೂ ದೊಡ್ಡ ಬ್ಯಾಟರಿ ಬೇಕು. ಕಂಪನಿ ಸಿಕ್ಕಿಕೊಂಡದ್ದು ಈ ಸುಳಿಯಲ್ಲಿ. ಲಾರಿಗಳು ಹೆಚ್ಚು ಮಾರಾಟವಾದರಷ್ಟೇ ಬೆಲೆ ಇಳಿಸಬಹುದು, ಬೆಲೆ ಇಳಿದರಷ್ಟೇ ಹೆಚ್ಚು ಮಾರಾಟ. ಸರ್ಕಾರದ ನೆರವು ಈ ಸುಳಿಯಿಂದ ಪಾರಾಗಲು ಸಾಕಾಗುವಷ್ಟು ಕಾಲ ಒದಗಲಿಲ್ಲ. ಸಾರ್ವಜನಿಕರಿಂದ ಷೇರು ಬಂಡವಾಳ ಎತ್ತುವ ಯೋಜನೆಯನ್ನು 2012ರ ಸೆಪ್ಟೆಂಬರಿನಲ್ಲಿ ಕೈಬಿಡಬೇಕಾಯಿತು. 2013ರ ಕೊನೆಗೆ ತಯಾರಿಕೆ ನಿಂತಿತು. ಹೊಸ ಬಂಡವಾಳದಿಂದ ಚೇತರಿಸಿಕೊಳ್ಳುವ ಪ್ರಯತ್ನಗಳು ಫಲಿಸದೆ, 2017ರಲ್ಲಿ ಎಲ್ಲವೂ ಮುಗಿಯಿತು.

ಹಾಗಾದರೆ ವಿದ್ಯುತ್ ಲಾರಿಯ ಕಲ್ಪನೆಯೇ ತಪ್ಪಾಗಿತ್ತೇ? ಆತುರದಿಂದ ತೀರ್ಪು ಕೊಡಬೇಡಿ. 2024ರ ಹೊತ್ತಿಗೆ ಅದೇ ಒಂದು ಯೂನಿಟ್ ಬ್ಯಾಟರಿಯ ಸರಾಸರಿ ಬೆಲೆ ಸುಮಾರು 115 ಡಾಲರ್‌ಗೆ ಇಳಿದಿತ್ತು. ಆ 80,000 ಡಾಲರ್ ಎಷ್ಟಾಗುತ್ತದೆಂದು ನೀವೇ ಗುಣಿಸಿ ನೋಡಿ. ಸರಿಯಾದ ಕಡೆಗೇ ಹೊರಟವನು ಕೂಡ ಬುತ್ತಿ ಮುಗಿದರೆ ಅರ್ಧ ದಾರಿಯಲ್ಲಿ ಕುಸಿಯುತ್ತಾನೆ. ಅವನು ಕುಸಿದನೆಂದು ದಾರಿಯೇ ತಪ್ಪೆನ್ನಲಾಗದು. ದಾರಿ ಸರಿಯಿತ್ತೆಂದು ಅವನ ಲೆಕ್ಕ ಸರಿಯಿತ್ತೆನ್ನಲೂ ಆಗದು. ಜನರ ತೆರಿಗೆಯ ಹಣ ಸೇರಿರುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡುವುದು ಅಗತ್ಯ.

2001ರಲ್ಲಿ ನಮ್ಮ ಬೆಂಗಳೂರಿನ ರೇವಾ ಕಾರು ಬಂದಾಗ ಅದರಲ್ಲಿದ್ದುದೂ ಹಾಲಿನ ಗಾಡಿಯಂತೆ ಸೀಸ-ಆಮ್ಲ ಬ್ಯಾಟರಿಗಳೇ. ಮುಂದೆ ಅದು ಲಂಡನ್ನಿನ ಬೀದಿಗಳಲ್ಲೂ ಓಡಾಡಿತು. ಇಂದು ನಮ್ಮ ಊರುಗಳಲ್ಲಿ ಸರಕು ಹೊತ್ತ ವಿದ್ಯುತ್ ತ್ರಿಚಕ್ರ ವಾಹನಗಳು ಕಾಣಸಿಗುತ್ತವೆ. ನಿಮ್ಮ ಬೀದಿಗೆ ಅಂಥದ್ದೊಂದು ಬಂದರೆ, ಅದರ ಚಾಲಕರನ್ನು ಮಾತನಾಡಿಸಿ ಮೂರು ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ? ಎಷ್ಟು ಸಲ ನಿಲ್ಲಿಸುತ್ತೀರಿ? ಎಲ್ಲಿ ಚಾರ್ಜ್ ಮಾಡುತ್ತೀರಿ? ಹಾಲಿನ ಗಾಡಿ ಗೆದ್ದದ್ದೂ ನ್ಯೂಟನ್ ಸೋತದ್ದೂ ಇಂಥ ಪ್ರಶ್ನೆಗಳ ಉತ್ತರದಿಂದಲೇ ಎಂಬುದು ಆಗ ನಿಮಗೆ ಮನವರಿಕೆಯಾಗುತ್ತದೆ.