ತೀನ್ ಮೂರ್ತಿಯ ಮೈಸೂರು ಸವಾರ: ಹೈಫಾದಿಂದ ಆಚೆಗೆ

ದೆಹಲಿಯ ಕೌಟಿಲ್ಯ ಮಾರ್ಗದಲ್ಲಿರುವ ಕರ್ನಾಟಕ ಭವನದಲ್ಲಿ ತಂಗುವ ಕನ್ನಡಿಗರು ತೀನ್ ಮೂರ್ತಿ ವೃತ್ತವನ್ನು ಎಷ್ಟೋ ಸಲ ಸುತ್ತಿ ಹೋಗಿರುತ್ತಾರೆ. ನಡುವೆ ಒಂದು ಕಲ್ಲುಕಂಬ, ಅದರ ಸುತ್ತ ಹೊರಮುಖವಾಗಿ ನಿಂತ ಮೂರು ಕಂಚಿನ ಸೈನಿಕರು. ಮೂವರೂ ಕುದುರೆ ಪಡೆಯವರು, ಆದರೆ ನೆಲದ ಮೇಲೆ ನಿಂತಿದ್ದಾರೆ. ಒಬ್ಬ ಹೈದರಾಬಾದಿನವನು, ಒಬ್ಬ ಜೋಧ್‌ಪುರದವನು, ಇನ್ನೊಬ್ಬ ಮೈಸೂರಿನವನು. ಬ್ರಿಟಿಷ್ ಶಿಲ್ಪಿ ಲೆನಾರ್ಡ್ ಜೆನಿಂಗ್ಸ್ ಮಾಡಿದ ಈ ಸ್ಮಾರಕ 1922ರದು. 2018ರ ಜನವರಿಯಲ್ಲಿ, ಇಸ್ರೇಲಿನ ಪ್ರಧಾನಿ ಭಾರತಕ್ಕೆ ಬಂದಿದ್ದಾಗ, ವೃತ್ತದ ಹೆಸರಿಗೆ ಆ ದೇಶದ ಬಂದರು ಊರು 'ಹೈಫಾ' ಸೇರಿ ಅದು 'ತೀನ್ ಮೂರ್ತಿ ಹೈಫಾ ಚೌಕ್' ಆಯಿತು.

ಈ ಟಿಪ್ಪಣಿ ಬರೆಯಲು ಕಾರಣ ಆ ಸೇರ್ಪಡೆಯೇ. ಹೈಫಾದ ಗೆಲುವು ನಿಜ, ಅಲ್ಲಿ ತೋರಿದ ಧೈರ್ಯವೂ ನಿಜ. ಆದರೆ ಸ್ಮಾರಕ ಹೈಫಾ ಒಂದರದ್ದಲ್ಲ. ಅದು 15ನೇ ಇಂಪೀರಿಯಲ್ ಸರ್ವೀಸ್ ಅಶ್ವದಳ ಬ್ರಿಗೇಡಿನದು; ಮೊದಲ ಮಹಾಯುದ್ಧದ ಭಾಗವಾಗಿ ತುರ್ಕಿಯ ವಿರುದ್ಧ ಸಿನಾಯ್, ಪ್ಯಾಲೆಸ್ಟೈನ್, ಸಿರಿಯಾಗಳಲ್ಲಿ ನಾಲ್ಕು ವರ್ಷ ನಡೆದ ಯುದ್ಧದಲ್ಲಿ ಸತ್ತವರೆಲ್ಲರದು. ಮೂರು ಮೂರ್ತಿಗಳಲ್ಲೇ ಇದಕ್ಕೆ ಸಾಕ್ಷಿಯಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಮೇಲೆ ದಾಳಿ ನಡೆದಾಗ ಹೈದರಾಬಾದ್ ಲ್ಯಾನ್ಸರ್ಸ್ ಅಲ್ಲಿರಲಿಲ್ಲ. ಸೆರೆಸಿಕ್ಕ ತುರ್ಕಿ ಸೈನಿಕರನ್ನು ಲಜ್ಜೂನ್ ಕಡೆಗೆ ಸಾಗಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ವೃತ್ತವನ್ನು ಹೈಫಾಕ್ಕೇ ಮೀಸಲಿಟ್ಟರೆ ಮೂವರಲ್ಲಿ ಒಬ್ಬ ಅಲ್ಲಿ ಏಕೆ ನಿಂತಿದ್ದಾನೆ ಎಂಬುದಕ್ಕೆ ಉತ್ತರವಿರುವುದಿಲ್ಲ.

ಹೈಫಾದಲ್ಲಿ ನಡೆದದ್ದರಲ್ಲಿ ಮೈಸೂರಿನ ಪಾಲನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಆ ಪಾಲು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಊರಿಗೆ ಹೋಗುವ ದಾರಿ ಇಕ್ಕಟ್ಟಾಗಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ. ಹೊಳೆಯ ದಡ ಕುದುರೆ ಕಾಲಿಟ್ಟರೆ ಹುಗಿಯುವ ಉಸುಬು. ಬೆಟ್ಟದ ಮೇಲೆ ಆಸ್ಟ್ರಿಯನ್, ತುರ್ಕಿ ಫಿರಂಗಿಗಳು, ಕೆಳಗೆ ಮೆಷಿನ್‌ಗನ್ನುಗಳು. ಫಿರಂಗಿಗಳ ಬಾಯಿ ಕಟ್ಟದೆ ಕೆಳಗಿನವರು ಮುಂದೆ ಹೋಗುವಂತಿರಲಿಲ್ಲ. ಮೈಸೂರು ಲ್ಯಾನ್ಸರ್ಸಿನ ಒಂದು ಸ್ಕ್ವಾಡ್ರನ್ನನ್ನು ಕಡಿದಾದ ದಾರಿಯಲ್ಲಿ ಬೆಟ್ಟ ಹತ್ತಿಸಿದರು. ಅವರ ನೆರವಿಗೆ ಶೆರ್‌ವುಡ್ ರೇಂಜರ್ಸಿನ ಬ್ರಿಟಿಷ್ ತುಕಡಿಯೊಂದು ಹೋಯಿತು. ಮಧ್ಯಾಹ್ನ ಎರಡರ ಹೊತ್ತಿಗೆ ಕೆಳಗೆ ಜೋಧ್‌ಪುರದವರು ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಶೇಖಾವತ್ ಅಲ್ಲೇ ಬಿದ್ದರು. ಮೇಲೆ ಮೈಸೂರಿನವರು ಒಂದು ಆರಂಗುಲದ ನೌಕಾ ಫಿರಂಗಿಯನ್ನೂ ಎರಡು ಬೆಟ್ಟದ ಫಿರಂಗಿಗಳನ್ನೂ ಹಿಡಿದು 78 ಜನರನ್ನು ಸೆರೆಯಾಳು ಮಾಡಿದರು. ಉಳಿದ ಮೈಸೂರು ಸ್ಕ್ವಾಡ್ರನ್ನುಗಳು ಜೋಧ್‌ಪುರದವರ ಹಿಂದೆಯೇ ಊರೊಳಗೆ ಬಂದವು.

ಸಂಜೆಯ ಲೆಕ್ಕ ಹೀಗಿತ್ತು: ಸೆರೆಸಿಕ್ಕವರು 1,350, ಕೈಗೆ ಬಂದ ಫಿರಂಗಿಗಳು 17, ಮೆಷಿನ್‌ಗನ್ನುಗಳು 11. ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಗುಂಡೇಟು ಯಾರ ಮೈಮೇಲೆ ಹೆಚ್ಚು ಬಿತ್ತು ಎಂಬುದನ್ನು ಕೊನೆಯ ಎರಡು ಅಂಕಿಗಳು ಹೇಳುತ್ತವೆ.

ಇದನ್ನು ಲೋಕದ ಕಟ್ಟಕಡೆಯ ಕುದುರೆ ದಾಳಿ ಎಂದು ಮತ್ತೆ ಮತ್ತೆ ಬರೆಯುತ್ತಾರೆ. ಆ ಮಾತು ನಿಲ್ಲುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರ ಆಗಸ್ಟಿನಲ್ಲಿ, ಇಟಲಿಯ ಅಶ್ವಪಡೆ ರಷ್ಯಾದ ಇಜ್ಬುಷೆನ್‌ಸ್ಕಿಯಲ್ಲಿ ದಾಳಿ ಮಾಡಿದ್ದುಂಟು. ಅಷ್ಟು ದೂರ ಹೋಗುವುದೂ ಬೇಡ. ಹೈಫಾ ಮುಗಿದ 33 ದಿನಕ್ಕೆ, ಅಕ್ಟೋಬರ್ 26ರಂದು, ಇದೇ ಬ್ರಿಗೇಡು ಅಲೆಪ್ಪೊ ಊರಾಚೆಯ ಹರಿತಾನ್ ಎಂಬಲ್ಲಿ ಮತ್ತೆ ಕುದುರೆಯ ಮೇಲೆಯೇ ನುಗ್ಗಿತು. ಮುಂದಿದ್ದವರು ಮೈಸೂರು ಲ್ಯಾನ್ಸರ್ಸ್, ಜೊತೆಗೆ ಜೋಧ್‌ಪುರದ ಎರಡು ಸ್ಕ್ವಾಡ್ರನ್ನುಗಳು. ಎದುರಿನ ಬಲ ಎಣಿಸಿದ್ದಕ್ಕಿಂತ ಬಹಳ ದೊಡ್ಡದಿತ್ತು. ದಾಳಿ ಗುರಿ ಮುಟ್ಟಲಿಲ್ಲ. ಸತ್ತವರು 21, ಗಾಯಗೊಂಡವರು 56, ಕಾಣೆಯಾದವರು ಮೂವರು. ಹೈಫಾಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಸಾವು. ನಾಲ್ಕು ದಿನ ಕಳೆದು, ಅಕ್ಟೋಬರ್ 30ರಂದು, ಮುದ್ರೋಸ್‌ನಲ್ಲಿ ತುರ್ಕಿ ಕದನವಿರಾಮಕ್ಕೆ ಸಹಿ ಹಾಕಿತು. ಇನ್ನು ನಾಲ್ಕು ದಿನ ತಡೆದಿದ್ದರೆ ಅವರು ಮನೆಗೆ ಬರುತ್ತಿದ್ದರು ಎಂಬ ಯೋಚನೆ ಈ ಅಂಕಿಗಳನ್ನು ನೋಡಿದಾಗಲೆಲ್ಲ ನನಗೆ ಬರುತ್ತದೆ. ಗೆಲುವಿನ ಊರಿನ ಹೆಸರು ವೃತ್ತಕ್ಕೆ ಬಂತು. ಹರಿತಾನಿನ ಹೆಸರು ಮೈಸೂರು ಸೀಮೆಯಲ್ಲೂ ಯಾರ ಬಾಯಲ್ಲೂ ಇಲ್ಲ.

ಮೈಸೂರಿನ ಸವಾರರು ಅಲೆಪ್ಪೊದವರೆಗೆ ಹೋದದ್ದಾದರೂ ಏಕೆ? ಸಾಮ್ರಾಜ್ಯ ಹೇಗೆ ನಡೆಯುತ್ತಿತ್ತು ಎಂಬುದು ಇಲ್ಲಿ ಕಾಣುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆದ ಒಪ್ಪಂದದಂತೆ ಮೈಸೂರು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ಏಳು ಲಕ್ಷ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಪೊಗದಿ ಕೊಡಬೇಕಾಯಿತು. 1831ರಲ್ಲಿ ಆಡಳಿತವನ್ನೇ ಕಂಪನಿ ಕಿತ್ತುಕೊಂಡಿತು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿತು, ಪೊಗದಿ 35 ಲಕ್ಷಕ್ಕೆ ಏರಿತು. ಏರಿದ ಮೊತ್ತದ ವಸೂಲಿ ಮಾತ್ರ 1896ರವರೆಗೆ ಮುಂದೆ ಹೋಯಿತು. ಬ್ರಿಟಿಷರ ಸೇನೆ ಮೈಸೂರನ್ನು ಕಾಯುತ್ತದೆ, ಅದರ ಖರ್ಚಿಗೆ ಈ ಹಣ ಎಂಬುದು ಪೊಗದಿಯ ಹಿಂದಿನ ವಾದ. 1889ರಿಂದ ಇಂಪೀರಿಯಲ್ ಸರ್ವೀಸ್ ಎಂಬ ಇನ್ನೊಂದು ಏರ್ಪಾಡು ಬಂತು. ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಪಡೆ ಕಟ್ಟಿ ಸಾಕಬೇಕು, ಬ್ರಿಟಿಷ್ ಅಧಿಕಾರಿಗಳು ಅದನ್ನು ಪರೀಕ್ಷಿಸುತ್ತಾರೆ, ಸಾಮ್ರಾಜ್ಯಕ್ಕೆ ಬೇಕಾದಾಗ ಅದು ಹೊರಡಬೇಕು. ಮೈಸೂರು ಲ್ಯಾನ್ಸರ್ಸ್ ಹುಟ್ಟಿದ್ದು ಈ ಯೋಜನೆಯಲ್ಲಿ. ಸ್ವಂತ ಕುದುರೆ ತಂದು ಚಾಕರಿ ಮಾಡುತ್ತಿದ್ದ ಹಳೆಯ ಸಿಲ್ಲೇದಾರರ ನಾಡಿನಲ್ಲಿ ಸವಾರರಿಗೆ ಕೊರತೆಯಿರಲಿಲ್ಲ. ಪಡೆಯಲ್ಲಿ ದೇಸರಾಜ ಅರಸರಂಥ ಮೈಸೂರಿನವರೇ ಅಧಿಕಾರಿಗಳು. ಯುದ್ಧಕಾಲಕ್ಕೆ ಜೊತೆಯಲ್ಲಿ ಬ್ರಿಟಿಷ್ ವಿಶೇಷ ಅಧಿಕಾರಿಗಳು.

ಹೀಗೆ ಮೈಸೂರು ಸೇನೆಗಾಗಿ ಎರಡು ಸಲ ಹಣ ತೆತ್ತಿತು: ಕಾಯುವವರಿಗೆ ಪೊಗದಿ, ತನ್ನವರನ್ನು ಕಳಿಸಲು ಬೇರೆ ಖರ್ಚು. 1914ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟರು. ಒಂದು ವರ್ಷದ ಪೊಗದಿಗಿಂತ ಇದು 15 ಲಕ್ಷ ಹೆಚ್ಚು. ಆ ವರ್ಷದ ಕೊನೆಯಲ್ಲಿ ಲ್ಯಾನ್ಸರ್ಸ್ ಈಜಿಪ್ಟ್ ಸೇರಿ ಸುಯೆಜ್ ಕಾಲುವೆಯ ಕಾವಲಿಗೆ ನಿಂತರು. ಫ್ರಾನ್ಸಿನಲ್ಲಿದ್ದ ಜೋಧ್‌ಪುರದವರು ಈ ಬ್ರಿಗೇಡಿಗೆ ಬಂದದ್ದು 1918ರಲ್ಲಿ. ಅಲ್ಲಿಯವರೆಗಿನ ಮೂರು ವರ್ಷಗಳ ಮರಳುಗಾಡಿನ ಗಸ್ತಿನಲ್ಲಿ ಮೈಸೂರು, ಹೈದರಾಬಾದಿನವರ ಪಾಲೇ ದೊಡ್ಡದು. ಕಥೆ ಕಟ್ಟಲು ಬರುವ ಘಟನೆ ಇಲ್ಲದ ಕಾರಣ ಆ ವರ್ಷಗಳು ನೆನಪಿನಿಂದ ಜಾರಿಹೋಗಿವೆ. ಸ್ಮಾರಕ ಮಾತ್ರ ಅವನ್ನೂ ಲೆಕ್ಕಕ್ಕೆ ಹಿಡಿದಿದೆ.

ಯುದ್ಧದ ನಂತರ ಈ ಸೇವೆಗೆ ಪ್ರತಿಯಾಗಿ ಏನು ಬಂತು ಎಂದು ಹುಡುಕಿದರೆ ಒಂದು ಅಂಕಿ ಸಿಗುತ್ತದೆ. 1927ರಲ್ಲಿ ವೈಸರಾಯ್ ಇರ್ವಿನ್ ಪೊಗದಿಯಲ್ಲಿ 10.5 ಲಕ್ಷ ಇಳಿಸುವುದಾಗಿ ಪ್ರಕಟಿಸಿದರು. 35ರಲ್ಲಿ ಅದನ್ನು ಕಳೆದರೆ ಉಳಿಯುವುದು 24.5 ಲಕ್ಷ. ಅಂದರೆ 1799ರಲ್ಲಿ ನಿಗದಿಯಾದ ಮೊತ್ತಕ್ಕೇ ಮರಳಿದಂತಾಯಿತು.

ಗೆದ್ದ ನೆಲ ಬ್ರಿಟಿಷರ ಕೈಯಲ್ಲೂ ಬಹುಕಾಲ ಉಳಿಯಲಿಲ್ಲ. 1930ರ ದಶಕದಲ್ಲಿ ಇರಾಕಿನ ಕಿರ್ಕುಕ್‌ನಿಂದ ಹೈಫಾ ಬಂದರಿಗೆ ಎಣ್ಣೆಯ ಕೊಳವೆ ಬಂತು. ಕಾರ್ಮೆಲ್ ಬುಡದ ಊರು ಸಾಮ್ರಾಜ್ಯದ ಎಣ್ಣೆಯ ಬಾಗಿಲಾಯಿತು. ಆಮೇಲೆ 1948. ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಮುಂಬಯಿಯ ಗೇಟ್‌ವೇ ದಾಟಿ ಹಡಗು ಹತ್ತಿತು. ಜೂನ್ 30ರಂದು ಪ್ಯಾಲೆಸ್ಟೈನಿನ ಕೊನೆಯ ತುಕಡಿ ಹೊರಟದ್ದು ಅದೇ ಹೈಫಾ ಬಂದರಿನಿಂದ. ಆಗಸ್ಟಿನಲ್ಲಿ ಜವಾಹರಲಾಲ್ ನೆಹರೂ ಮೂರ್ತಿಗಳ ಹಿಂದಿನ ಫ್ಲ್ಯಾಗ್‌ಸ್ಟಾಫ್ ಹೌಸಿಗೆ ಬಂದರು. ರಾಬರ್ಟ್ ಟೋರ್ ರಸೆಲ್ ವಿನ್ಯಾಸ ಮಾಡಿದ ಆ ಮನೆ ಬ್ರಿಟಿಷ್ ಮಹಾದಂಡನಾಯಕನಿಗೆಂದು 1930ರಲ್ಲಿ ಮುಗಿದದ್ದು. ಹದಿನೆಂಟು ವರ್ಷದಲ್ಲಿ ಮನೆಯೊಡೆಯ ಬದಲಾದ. ಬಾಗಿಲ ಮುಂದೆ ನಿಂತ ಮೂವರು ಬದಲಾಗಲಿಲ್ಲ.

ದೆಹಲಿ ತನ್ನ ಬ್ರಿಟಿಷ್ ಮೂರ್ತಿಗಳನ್ನೆಲ್ಲ ಹೀಗೆ ಉಳಿಸಿಕೊಳ್ಳಲಿಲ್ಲ. ಇಂಡಿಯಾ ಗೇಟಿನ ಮಂಟಪದಲ್ಲಿದ್ದ ಐದನೇ ಜಾರ್ಜನನ್ನು 1968ರಲ್ಲಿ ಇಳಿಸಿ ಕೊರೊನೇಷನ್ ಪಾರ್ಕಿಗೆ ಸಾಗಿಸಿದರು. ಬರಿದಾಗಿದ್ದ ಮಂಟಪಕ್ಕೆ 2022ರಲ್ಲಿ ಬಂದ ನೇತಾಜಿ ಸುಭಾಷರ ಶಿಲೆಯನ್ನು ಕಡೆದವರು ಮೈಸೂರಿನ ಅರುಣ್ ಯೋಗಿರಾಜ್. ತೀನ್ ಮೂರ್ತಿಗೆ ಯಾರೂ ಕೈಹಾಕದಿದ್ದುದಕ್ಕೆ ಕಾರಣ ಸರಳವೆಂದು ನನ್ನ ಊಹೆ. ಕಟ್ಟಿಸಿದವರು ಬ್ರಿಟಿಷರಾದರೂ ಸತ್ತವರು ನಮ್ಮ ಮನೆಗಳವರು.

1953ರಲ್ಲಿ ಮೈಸೂರು ಲ್ಯಾನ್ಸರ್ಸ್ ಇತರ ಸಂಸ್ಥಾನಗಳ ಸವಾರರೊಂದಿಗೆ 61ನೇ ಕ್ಯಾವಲ್ರಿಯಲ್ಲಿ ಲೀನವಾಯಿತು. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಕುದುರೆಯೇರಿ ಬರುವ ಪಡೆ ಅದೇ. ಸೆಪ್ಟೆಂಬರ್ 23ನ್ನು ಸೇನೆ ಹೈಫಾ ದಿನವೆಂದು ಆಚರಿಸುತ್ತದೆ, ಆಚರಿಸಬೇಕು. ಅಕ್ಟೋಬರ್ 26ಕ್ಕೂ ಒಂದು ಹಾರ ಸಲ್ಲಬೇಕು ಎಂಬುದು ನನ್ನ ಕೋರಿಕೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸಿನದೇ ಸ್ಮಾರಕ ಇದೆ. ಹರಿತಾನಿನಲ್ಲಿ ಬಿದ್ದ ಮೈಸೂರಿನವರು ಯಾವ ತಾಲ್ಲೂಕಿನವರು, ಅವರ ಮನೆಯವರಿಗೆ ಯಾವ ಜಮೀನು ಅಥವಾ ಪಿಂಚಣಿ ಸಂದಿತು ಎಂಬ ಶೋಧ ಅಲ್ಲಿಂದ ಶುರುವಾಗಬೇಕು.